ಬೀಗದ ಕೈ ಅಪ್ಪನಿಗೆ ಕೊಡಿ ಎಂದು ಹೇಳಿದ್ದೇಕೆ

ಹೆತ್ತವರ ಒಳಿತಿಗಾಗಿಯೇ ಅವರನ್ನು ತಡೆಯುತ್ತಿದ್ದೇವೆ, ಅವರಿಗೆ ಅದು ಅರ್ಥವಾಗುತ್ತಿಲ್ಲ ಎಂಬ ದೂರು ಹೊತ್ತು ಬರುವ ಮಕ್ಕಳನ್ನು ನಾನು ಈಗಲೂ ಆಗಾಗ ನೋಡುತ್ತೇನೆ. ತಂದೆಗೆ ಹೃದಯದ ಶಸ್ತ್ರಚಿಕಿತ್ಸೆ ಆಗಿರುತ್ತದೆ, ಇಲ್ಲವೇ ತಾಯಿ ಬಚ್ಚಲಲ್ಲಿ ಜಾರಿ ಬಿದ್ದಿರುತ್ತಾರೆ. ಕಾರಣ ಬೇರೆಯಾದರೂ ದೂರು ಒಂದೇ. ಆಗೆಲ್ಲ 2020ರ ಮೇ ತಿಂಗಳಲ್ಲಿ ದೂರವಾಣಿಯಲ್ಲೇ ನಡೆಸಿದ ಒಂದು ಆಪ್ತಸಮಾಲೋಚನೆಯ ಪ್ರಕರಣ ನೆನಪಾಗುತ್ತದೆ. ಅಂದು ನಾನು ಕೊಟ್ಟ ಸಲಹೆಯನ್ನು ಸಹೋದ್ಯೋಗಿಗಳಲ್ಲಿ ಕೆಲವರು ಇಂದಿಗೂ ಒಪ್ಪುವುದಿಲ್ಲವಾದ್ದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೈಸೂರಿನ ಸಣ್ಣ ಮನೆ. 72 ವರ್ಷದ ನಿವೃತ್ತ ನೌಕರರು, ಮನೆಯಿಂದಲೇ ಕಚೇರಿ ಕೆಲಸ ಮಾಡುತ್ತಿದ್ದ ಮಗ, ಸೊಸೆ, ದ್ವಿತೀಯ ಪಿಯುಸಿ ಓದುತ್ತಿದ್ದ ಮೊಮ್ಮಗಳು. ಆ ವರ್ಷ ಲಾಕ್‌ಡೌನ್ ಆರಂಭವಾದದ್ದು ಮಾರ್ಚ್ 25ರಂದು, ಯುಗಾದಿಯ ದಿನವೇ. ಹಿರಿಯರು ಮಾತ್ರ ಬೆಳಗಿನ ಐದೂವರೆಗೆ ಹಾಲಿನ ಬೂತಿಗೆ ಹೋಗುವ ಹಳೆಯ ರೂಢಿಯನ್ನು ಬಿಡಲಿಲ್ಲ. ಮಗ ಪ್ರತಿ ಸಂಜೆ ಆರೋಗ್ಯ ಇಲಾಖೆಯ ಪ್ರಕಟಣೆಯನ್ನು ಕಾದು ನೋಡಿ, ತೀರಿಕೊಂಡವರ ವಯಸ್ಸನ್ನು ಡೈರಿಯಲ್ಲಿ ಬರೆದಿಡುತ್ತಿದ್ದರು. ಮೊಮ್ಮಗಳ ಪರೀಕ್ಷೆಗಳಲ್ಲಿ ಇಂಗ್ಲಿಷ್ ಒಂದೇ ಉಳಿದಿತ್ತು. ಮಾರ್ಚ್ 23ಕ್ಕೆ ಮುಗಿಯಬೇಕಿದ್ದ ಅದು ಮುಂದಕ್ಕೆ ಹೋಗಿದ್ದರಿಂದ ಪುಸ್ತಕವನ್ನು ಕಟ್ಟಿಡಲೂ ಆಗದೆ, ತೆರೆಯಲೂ ಮನಸ್ಸಾಗದೆ, ಅವಳು ರಾತ್ರಿಯಿಡೀ ಎಚ್ಚರವಿದ್ದು ಹಗಲು ಮಲಗುತ್ತಿದ್ದಳು. ಮೂವರೂ ತಮಗೆ ತಿಳಿದಂತೆ ಆ ದಿನಗಳನ್ನು ದೂಡುತ್ತಿದ್ದರು. ಮನೆಯ ಮಾತಿನಲ್ಲಿ ಮಾತ್ರ ಅದು ಒಬ್ಬರ ಹಠ, ಒಬ್ಬರ ಪುಕ್ಕಲುತನ, ಒಬ್ಬಳ ಸೋಮಾರಿತನವಾಗಿತ್ತು.

ಮೇ ಮೊದಲ ವಾರ, 65 ದಾಟಿದವರು ಅತ್ಯಗತ್ಯ ಮತ್ತು ಆರೋಗ್ಯದ ಕಾರಣಗಳನ್ನು ಬಿಟ್ಟು ಮನೆಯಲ್ಲೇ ಇರಬೇಕೆಂಬ ಕೇಂದ್ರದ ಆದೇಶ ಬಂದಾಗ, ಮಗ ಗೇಟಿಗೆ ಬೀಗ ಹಾಕಿ ಬೀಗದ ಕೈಯನ್ನು ದಿಂಬಿನ ಕೆಳಗೆ ಇಟ್ಟುಕೊಂಡರು. ಮೈಸೂರು ಕೆಂಪು ವಲಯದಲ್ಲಿದ್ದ ಕಾಲ ಅದು. ಅವರ ಹೆದರಿಕೆಗೆ ಆಧಾರವಿತ್ತು. ತಂದೆ ಜಗಳವಾಡಲಿಲ್ಲ. ಮಾತು ಕಡಿಮೆ ಮಾಡಿದರು, ಒಂದು ಹೊತ್ತಿನ ಊಟ ಬಿಟ್ಟರು, ಐದನೆಯ ದಿನ ಬಿಪಿ ಮಾತ್ರೆಯನ್ನೂ ಬೇಡವೆಂದರು. ಮಗ ನನಗೆ ಕರೆ ಮಾಡಿದ್ದು ಆಗ.

ಮೊದಲ ಎರಡು ಕರೆಗಳಿಂದ ಏನೂ ಆಗಲಿಲ್ಲ. ಮೂರನೆಯ ಕರೆಗೆ ಎಲ್ಲರೂ ಒಟ್ಟಿಗೆ ಕುಳಿತು ಫೋನಿನ ಸ್ಪೀಕರ್ ಹಾಕುವಂತೆ ಹೇಳಿದೆ. ಮಗನೇ ಮೊದಲು ಮಾತನಾಡಿದರು. "ತಿಂಡಿ ತಿನ್ನಿ ಅಂದ್ರೆ ಬೇಡ, ಟಿವಿ ನೋಡಿ ಅಂದ್ರೆ ಬೇಡ, ಮಾತ್ರೆ ಕೊಟ್ಟರೆ ಬೇಡ. ಎಲ್ಲಕ್ಕೂ ಬೇಡ ಅಂತ ಕೂತರೆ ನಾನೇನು ಮಾಡಲಿ ಮೇಡಂ?"

ಅತ್ತಲಿಂದ ಉತ್ತರವಿಲ್ಲ. ಎದುರಿಗೆ ಕುಳಿತವರ ಮೌನವನ್ನು ಕಾಯಬಹುದು, ಏಕೆಂದರೆ ಮುಖ ಕಾಣುತ್ತದೆ. ಫೋನಿನಲ್ಲಿ ಅದು ಬಹಳ ಕಷ್ಟ. ಆದರೂ ಕಾದೆ. ಕೊನೆಗೆ ಹಿರಿಯರು ಹೇಳಿದರು: "ನೋಡಮ್ಮ, ಹೊರಗೆ ಹೋಗಬೇಡಿ, ತರಕಾರಿ ಚೀಲ ಮುಟ್ಟಬೇಡಿ, ಪಕ್ಕದ ಮನೆಯವರ ಹತ್ತಿರ ನಿಂತು ಮಾತಾಡಬೇಡಿ. ಯುಗಾದಿಯಿಂದ ಇವನು ನನ್ನ ಹತ್ತಿರ ಆಡಿರೋ ಮಾತೆಲ್ಲ ಬೇಡ ಅಂತಲೇ ಮುಗಿಯುತ್ತೆ. ಈಗ ಅದೇ ಮಾತು ನಾನು ಆಡಿದರೆ ಹಠ ಅಂತಾನೆ."

ಬೆಳಗಿನಿಂದ ತಂದೆಯೊಡನೆ ಆಡಿದ ಮಾತುಗಳಲ್ಲಿ 'ಬೇಡ' ಇಲ್ಲದ ಒಂದನ್ನು ನೆನಪಿಸಿಕೊಳ್ಳಿ ಎಂದು ನಾನು ಮಗನನ್ನು ಕೇಳಿದೆ. ಉತ್ತರ ಬಂದದ್ದು ಹುಡುಗಿಯಿಂದ. "ಅಪ್ಪ, ತಾತ ಮಲಗಿದ್ರಾ ಅಂತ ನಿನ್ನೆ ರಾತ್ರಿ ನನ್ನನ್ನ ಕೇಳಿದ್ರಿ. ತಾತನನ್ನ ಕೇಳಲಿಲ್ಲ." ಮುಂದುವರಿದು ಅವಳು ಯಾರಿಗೂ ಗೊತ್ತಿಲ್ಲದ ಸಂಗತಿಯೊಂದನ್ನು ಹೇಳಿದಳು. ನಸುಕಿನ ನಾಲ್ಕು ಗಂಟೆಗೆ ತಾತ ಏಳುವ ಹೊತ್ತಿಗೆ ಅವಳು ಇನ್ನೂ ಮಲಗಿರುತ್ತಿರಲಿಲ್ಲ. ಇಬ್ಬರೂ ಅಡುಗೆಮನೆಯಲ್ಲಿ ಕಾಫಿ ಮಾಡಿಕೊಂಡು ಕುಡಿಯುತ್ತಿದ್ದರು. "ಯಾಕೆ ಮಲಗಿಲ್ಲ ಅಂತ ತಾತ ಒಂದಿನವೂ ಕೇಳಿಲ್ಲ."

ಆಮೇಲೆ ನಾನು ಡೈರಿಯ ವಿಷಯ ಎತ್ತಿದೆ. ಎಪ್ಪತ್ತು ದಾಟಿದವರ ಸಾವು ಕಂಡ ದಿನ ತಮಗೆ ನಿದ್ದೆ ಬರುವುದಿಲ್ಲವೆಂದು ಮಗ ತಂದೆಯ ಎದುರು ಅಂದೇ ಮೊದಲ ಬಾರಿ ಹೇಳಿದರು. "ನನಗೆ ಹೇಳಬಹುದಿತ್ತಲ್ಲೋ," ಎಂದರು ತಂದೆ.

ಬೀಗದ ಕೈಯನ್ನು ತಂದೆಗೆ ಕೊಡಿ ಎಂಬ ಸಲಹೆಯನ್ನು ನಾನು ಕೊಟ್ಟದ್ದು ಆ ಮಾತಿನ ನಂತರ. ಗೇಟು ಯಾವಾಗ ತೆರೆಯಬೇಕು, ಹಾಲು ಯಾರು ತರಬೇಕು, ಬಂದ ಪೊಟ್ಟಣವನ್ನು ಎಲ್ಲಿಡಬೇಕು ಎಂಬುದನ್ನು ಅವರೇ ತೀರ್ಮಾನಿಸಲಿ. ಮಗ ತನ್ನ ಭಯವನ್ನು ಭಯವೆಂದೇ ಹೇಳಲಿ, ಆಜ್ಞೆಯಾಗಿ ಬೇಡ ಎಂದೆ. ಹಿರಿಯರಿಗೆ ಹೇಳಿದ್ದು ಒಂದೇ: ಇವತ್ತೇ ವೈದ್ಯರೊಡನೆ ಮಾತನಾಡಿ ಮಾತ್ರೆ ತೆಗೆದುಕೊಳ್ಳಿ, ಜಗಳವನ್ನು ಬಾಯಲ್ಲಿ ಆಡಿ. ಮೊಮ್ಮಗಳ ನಿದ್ದೆಯನ್ನು ಪರೀಕ್ಷೆಯ ದಿನ ಗೊತ್ತಾಗುವವರೆಗೆ ತಿದ್ದಲು ಹೋಗಬಾರದೆಂದೂ ಸೂಚಿಸಿದೆ.

ಸೋಂಕು ವಯಸ್ಸಾದವರಿಗೇ ಹೆಚ್ಚು ಅಪಾಯಕಾರಿಯಾಗಿದ್ದಾಗ ಇಂಥ ಸಲಹೆ ಹೊಣೆಗೇಡಿತನವಲ್ಲವೇ ಎಂದು ಸಹೋದ್ಯೋಗಿಯೊಬ್ಬರು ನೇರವಾಗಿಯೇ ಕೇಳಿದರು. ನಾನು ಆ ಹಿರಿಯರಿಗೆ ಹೊರಗೆ ಹೋಗಲು ಅನುಮತಿ ಕೊಟ್ಟಿರಲಿಲ್ಲ. ಅಪಾಯವನ್ನು ತಿಳಿಯುವ ಬುದ್ಧಿ ಸ್ಥಿರವಾಗಿರುವ ಮನುಷ್ಯನಿಗೆ ಆ ಅಪಾಯವನ್ನು ತೂಗುವ ಹಕ್ಕನ್ನು ಹಿಂದಿರುಗಿಸಿದೆ, ಅಷ್ಟೆ. ಬೀಗದಿಂದ ಸೋಂಕು ದೂರ ಉಳಿಯಬಹುದಿತ್ತು, ಆದರೆ ಮಾತ್ರೆ ಬಿಟ್ಟ ರಕ್ತದೊತ್ತಡ ಆ ಗೇಟಿನ ಒಳಗೇ ಇತ್ತು. ಮರೆವಿನ ಕಾಯಿಲೆ ಇದ್ದು ಹೊರಗೆ ಹೋದವರು ದಾರಿ ತಪ್ಪುವಂತಿದ್ದರೆ ನನ್ನ ಸಲಹೆ ಖಂಡಿತ ಬೇರೆಯಾಗಿರುತ್ತಿತ್ತು. ಊಟ, ಮಾತು, ಔಷಧಿ ಮೂರನ್ನೂ ಬಿಟ್ಟ ಸ್ಥಿತಿ ಹಾಗೇ ಮುಂದುವರಿದಿದ್ದರೆ ಮನೋವೈದ್ಯರ ಬಳಿಗೇ ಕಳುಹಿಸುತ್ತಿದ್ದೆ. ಈಗ ಅಂಥ ಮನೆಯವರು 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ಗೆ, ಕರೆ ಮಾಡಬಹುದು. ಅಂದು ಅದಿನ್ನೂ ಆರಂಭವಾಗಿರಲಿಲ್ಲ.

ಹಿರಿಯರು ಅಂದು ರಾತ್ರಿಯೇ ಮಾತ್ರೆ ತೆಗೆದುಕೊಂಡರು. ಹಾಲು ತರುವ ಕೆಲಸವನ್ನು ಮೊಮ್ಮಗಳಿಗೆ ಒಪ್ಪಿಸಿ, ಅವಳು ಮರಳುವವರೆಗೆ ಮುಖಗವಸು ಹಾಕಿಕೊಂಡು ಗೇಟಿನ ಒಳಗೆ ನಿಲ್ಲುತ್ತಿದ್ದರು. ಎರಡು ಬಾರಿ ತಾವೇ ಹೊರಗೆ ಹೋದದ್ದೂ ಉಂಟು; ಎರಡು ಸಲವೂ ಮಗ ಸಿಟ್ಟಿನಿಂದ ನನಗೆ ಕರೆ ಮಾಡಿದರು, ಆದರೆ ಬೀಗದ ಕೈಯನ್ನು ಹಿಂದಕ್ಕೆ ಕೇಳಲಿಲ್ಲ.

ಇಂಗ್ಲಿಷ್ ಪರೀಕ್ಷೆ ಜೂನ್ 18ರಂದು ಮುಗಿಯಿತು. ಆ ವಾರದ ಕೊನೆಯ ಕರೆಯಲ್ಲಿ ನನಗೆ ಹೊಳೆದ ಒಂದು ವಿಷಯ ಇಂದಿಗೂ ಚುಚ್ಚುತ್ತದೆ: ಅಷ್ಟೂ ಮಾತುಕತೆಯಲ್ಲಿ ಸೊಸೆಯ ಧ್ವನಿಯನ್ನು ನಾನು ಕೇಳಿಯೇ ಇರಲಿಲ್ಲ, ಕೇಳಬೇಕೆಂದು ನನಗೂ ತೋಚಿರಲಿಲ್ಲ. ಅವರಿಗೆ ಫೋನ್ ಕೊಡಿ ಎಂದೆ. "ಒಂದು ನಿಮಿಷ ಇರಿ ಮೇಡಂ, ಮಹಡಿ ಮೇಲೆ ಹೋಗಿ ಮಾತಾಡ್ತೀನಿ," ಎಂದರು ಆಕೆ.