ಮೀಟಿಂಗ್‌ನಲ್ಲಿ ತುಟಿ ಬಿಚ್ಚದ ವಿದ್ಯಾರ್ಥಿನಿ ಲ್ಯಾಬ್ ಬಿಡುತ್ತೇನೆ ಎನ್ನುತ್ತಿದ್ದಾಳೆ

ಪ್ರಶ್ನೆ: ಬೆಂಗಳೂರಿನ ವಿಶ್ವವಿದ್ಯಾಲಯವೊಂದರಲ್ಲಿ ಸಹಾಯಕ ಪ್ರಾಧ್ಯಾಪಕಿಯಾಗಿದ್ದೇನೆ. ಜೀವರಸಾಯನ ವಿಜ್ಞಾನದ ಚಿಕ್ಕ ಲ್ಯಾಬ್, ಆರು ಮಂದಿ ಪಿಎಚ್.ಡಿ. ವಿದ್ಯಾರ್ಥಿಗಳು. ಅವರಲ್ಲೊಬ್ಬಳು ಯಾದಗಿರಿ ಕಡೆಯ ಹಳ್ಳಿಯವಳು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು. ಅವಳ ಲ್ಯಾಬ್ ನೋಟ್‌ಬುಕ್‌ನಷ್ಟು ಅಚ್ಚುಕಟ್ಟಾದದ್ದು ಉಳಿದ ಯಾರದೂ ಇಲ್ಲ. ಆದರೆ ಮೀಟಿಂಗ್‌ನಲ್ಲಿ ತುಟಿ ಬಿಚ್ಚುವುದಿಲ್ಲ. ಉಳಿದವರು ಇಂಗ್ಲಿಷ್, ಹಿಂದಿಯಲ್ಲಿ ಪಟಪಟನೆ ಮಾತಾಡುತ್ತಾರೆ. ಕಳೆದ ತಿಂಗಳು ಚಹಾ ಕುಡಿಯುವಾಗ ಸೀನಿಯರ್ ಒಬ್ಬ ‘ಇವಳಿಗೆ ಸೀಟು ಹೇಗೆ ಸಿಕ್ಕಿತು ಅಂತ ಎಲ್ಲರಿಗೂ ಗೊತ್ತು’ ಎಂದನಂತೆ. ಈಗ ಅವಳು ಬೇರೆ ಗೈಡ್ ಹತ್ತಿರ ಹೋಗುತ್ತೇನೆ ಎನ್ನುತ್ತಿದ್ದಾಳೆ. ಅವಳಿಗೆ ಹೆಚ್ಚು ಸಮಯ ಕೊಟ್ಟರೆ ಪಕ್ಷಪಾತ ಎನ್ನುತ್ತಾರೆ, ಕೊಡದಿದ್ದರೆ ಅವಳನ್ನು ಕಳೆದುಕೊಳ್ಳುತ್ತೇನೆ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಸಮಯದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಚಹಾದ ಹೊತ್ತಿನ ಮಾತನ್ನು ಇತ್ಯರ್ಥ ಮಾಡಿ. ಒಂದು ತಿಂಗಳಾಯಿತು ಎಂದು ನೀವೇ ಬರೆದಿದ್ದೀರಿ. ಅಷ್ಟು ದಿನ ಗೈಡ್ ಸುಮ್ಮನಿದ್ದರೆ ಲ್ಯಾಬ್‌ನ ಆರೂ ಜನ ಅದನ್ನು ಒಪ್ಪಿಗೆಯೆಂದೇ ತಿಳಿಯುತ್ತಾರೆ. ಆ ಸೀನಿಯರ್‌ನನ್ನು ಒಬ್ಬನನ್ನೇ ಕರೆದು, ಬಾಗಿಲು ಮುಚ್ಚಿ, ಮುಲಾಜಿಲ್ಲದೆ ಹೇಳಿ: ಮೀಸಲಾತಿ ಸಂವಿಧಾನವೇ ಒಪ್ಪಿದ ವ್ಯವಸ್ಥೆ, ಅದನ್ನು ಹಿಡಿದು ಹಂಗಿಸುವ ಮಾತು ಈ ಲ್ಯಾಬ್‌ನಲ್ಲಿ ಇನ್ನೊಮ್ಮೆ ಕೇಳಬಾರದು. ಅದು ತಮಾಷೆಯಾಗಿತ್ತು ಎಂಬ ಸಮಜಾಯಿಷಿಗೆ ಕಿವಿಗೊಡಬೇಡಿ. ಅವಳು ದೂರು ಹೇಳಿದಳು ಎಂದು ಅವಳ ಹೆಸರನ್ನು ನಡುವೆ ತರಬೇಡಿ; ಮಾತು ನಿಮ್ಮ ಕಿವಿಗೆ ಬಿದ್ದಿದೆ, ಅಷ್ಟು ಸಾಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2012ರ ಸಮಾನತೆ ನಿಯಮಗಳು ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಕೋಶ ಮತ್ತು ತಾರತಮ್ಯ ವಿರೋಧಿ ಅಧಿಕಾರಿ ಇರಬೇಕೆಂದು ಹೇಳಿವೆ. ನಿಮ್ಮಲ್ಲಿ ಆ ಹೊಣೆ ಯಾರದು ಎಂದು ತಿಳಿದುಕೊಂಡು ಅವಳಿಗೆ ಹೇಳಿ. ದೂರು ಕೊಡುವುದು, ಬಿಡುವುದು ಅವಳ ಇಷ್ಟ. ಅವಳ ಪರವಾಗಿ ನೀವು ತೀರ್ಮಾನ ಮಾಡಬೇಡಿ.

ಇನ್ನು ನೀವು ಹೇಳಿದ ಮೌನ. ಅದನ್ನು ನಾಚಿಕೆ, ಸಂಕೋಚ ಎಂದು ನೀವು ಭಾವಿಸಿದಂತಿದೆ. ನನಗೆ ಹಾಗೆ ಕಾಣುವುದಿಲ್ಲ. ನಿಮ್ಮ ಲ್ಯಾಬ್‌ನಲ್ಲಿ ಯಾರೂ ಬಾಯಿಬಿಟ್ಟು ಹೇಳದ ನಿಯಮಗಳು ಬಹಳ ಇವೆ. ಮನೆಯಲ್ಲಿ ಪ್ರೊಫೆಸರ್, ಎಂಜಿನಿಯರ್ ಇದ್ದವರಿಗೆ ಅವು ಮೊದಲೇ ಗೊತ್ತು, ಇವಳಿಗೆ ಗೊತ್ತಿಲ್ಲ.

ಈ ಊರಿನಲ್ಲಿ ಇದಕ್ಕೊಂದು ಚರಿತ್ರೆ ಇದೆ, ಅದೂ ನಿಮ್ಮದೇ ವಿಷಯದಲ್ಲಿ. 1933ರಲ್ಲಿ, ಮುಂದೆ ಜೀವರಸಾಯನ ವಿಜ್ಞಾನಿಯಾಗಿ ಹೆಸರಾದ ಕಮಲಾ ಸೊಹೊನಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಅವರು ಹೆಣ್ಣು ಎಂಬ ಕಾರಣಕ್ಕೇ ಬೇಡ ಎಂದರು. ಕಮಲಾ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥಿಯಾಗಿ ಇರಬೇಕೆಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಕಮಲಾ ಅಲ್ಲಿ ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನ್‌ಗಳ ಮೇಲೆ ಕೆಲಸ ಮಾಡಿ, ಮುಂದೆ ಕೇಂಬ್ರಿಜ್‌ನಿಂದ 1939ರಲ್ಲಿ ಪಿಎಚ್.ಡಿ. ಪಡೆದರು. ಅವರಿಗೆ ಹಾಕಿದ ಷರತ್ತು ಅನ್ಯಾಯದ್ದು, ಆದರೆ ಎದುರಿಗೇ ಹೇಳಿದ್ದು, ಮುಗಿಯುವ ದಿನವೂ ಗೊತ್ತಿತ್ತು. ನಿಮ್ಮ ವಿದ್ಯಾರ್ಥಿನಿಯೂ ಅಂಥದೇ ಪರೀಕ್ಷೆಯಲ್ಲಿದ್ದಾಳೆ. ಅದನ್ನು ಯಾರೂ ಘೋಷಿಸಿಲ್ಲ, ಆದ್ದರಿಂದ ಅದು ಎಂದು ಮುಗಿಯುತ್ತದೆಂದು ಅವಳಿಗೆ ತಿಳಿಯುವ ದಾರಿಯೇ ಇಲ್ಲ.

ಅದೇ ರಾಮನ್ ಅವರ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ, ಮುಂದೆ ಹವಾಮಾನ ವಿಜ್ಞಾನಿಯಾಗಿ ಹೆಸರಾದ ಅನ್ನಾ ಮಣಿ ವಜ್ರ, ಮಾಣಿಕ್ಯಗಳ ಬೆಳಕಿನ ಮೇಲೆ ಕೆಲಸ ಮಾಡಿ ಐದು ಪೇಪರ್ ಬರೆದರು. ಪ್ರಬಂಧ ಸಲ್ಲಿಸಿದಾಗ ಮದ್ರಾಸು ವಿಶ್ವವಿದ್ಯಾಲಯ ಎಂ.ಎಸ್ಸಿ. ಇಲ್ಲವೆಂದು ಪಿಎಚ್.ಡಿ. ಪದವಿಯನ್ನೇ ಕೊಡಲಿಲ್ಲ. ದುಡಿಮೆಯೆಲ್ಲ ಮುಗಿದ ಮೇಲೆ ಎದುರಾಗುವ ನಿಯಮ ಎಷ್ಟು ಕ್ರೂರವೆಂದು ಅವರನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗಾಗಿ ನಿಮ್ಮ ಲ್ಯಾಬ್‌ನ ನಿಯಮಗಳನ್ನು ಬರೆದು ಎಲ್ಲರ ಕೈಗೂ ಕೊಡಿ. ಪೇಪರ್‌ನಲ್ಲಿ ಮೊದಲ ಹೆಸರು ಯಾರದಾಗುತ್ತದೆ, ಅದನ್ನು ಯಾವಾಗ ತೀರ್ಮಾನಿಸುತ್ತೀರಿ? ಕಾನ್ಫರೆನ್ಸ್‌ಗೆ ಯಾರನ್ನು ಕಳಿಸುತ್ತೀರಿ? ರಜೆ ಹೇಗೆ ಕೇಳಬೇಕು? ಇಂಥವು ಮೀಟಿಂಗ್ ಮುಗಿದ ಮೇಲೆ ಊಟಕ್ಕೆ ಹೋದಾಗ ಇತ್ಯರ್ಥವಾಗುತ್ತಿದ್ದರೆ, ರಾತ್ರಿ ಒಂಬತ್ತಕ್ಕೆ ಪಿಜಿಯ ಗೇಟು ಹಾಕುತ್ತಾರೆಂದು ಬಸ್ ಹಿಡಿಯಲು ಓಡಿದವಳಿಗೆ ಯಾವುದೂ ತಿಳಿಯುವುದಿಲ್ಲ. ಮೀಟಿಂಗ್ ಅನ್ನು ಬೆಳಿಗ್ಗೆಗೆ ತನ್ನಿ.

ಒಂದು ವಾರ ಸುಮ್ಮನೆ ಲ್ಯಾಬ್‌ನಲ್ಲಿ ನಿಂತು ನೋಡಿ ಎಂದೂ ಕೇಳಿಕೊಳ್ಳುತ್ತೇನೆ. ಆಟೋಕ್ಲೇವ್‌ಗೆ ನೀರು ಹಾಕುವವರು ಯಾರು, ಬಫರ್ ಮುಗಿದಾಗ ಮಾಡಿಡುವವರು ಯಾರು, ಸಿಂಕ್‌ನಲ್ಲಿ ಬಿದ್ದ ಫ್ಲಾಸ್ಕ್ ತೊಳೆಯುವವರು ಯಾರು? ಬಹುತೇಕ ಲ್ಯಾಬ್‌ಗಳಲ್ಲಿ ಈ ಕೆಲಸವೆಲ್ಲ ಸದ್ದಿಲ್ಲದೆ ಇರುವವರ ಪಾಲಿಗೇ ಬರುತ್ತದೆ. ಸೆಂಟ್ರಿಫ್ಯೂಜ್ ಯಾವ ಹೊತ್ತಿಗೆ ಯಾರಿಗೆ ಎಂಬುದು ಸೀನಿಯರ್‌ಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ನಿರ್ಧಾರವಾಗಿ, ಇವಳಿಗೆ ಯಾರಿಗೂ ಬೇಡದ ವೇಳೆ ಉಳಿಯುತ್ತಿದೆಯೇ ಎಂದೂ ನೋಡಿ. ಪಾಳಿ ಪಟ್ಟಿ ಬರೆದು ಗೋಡೆಗೆ ಅಂಟಿಸಿ, ಉಪಕರಣದ ಪಕ್ಕ ರಿಜಿಸ್ಟರ್ ಇಡಿ. ಇದಕ್ಕೆ ಖರ್ಚೂ ಇಲ್ಲ, ಯಾರ ಅನುಮತಿಯೂ ಬೇಕಿಲ್ಲ.

ಭಾಷೆಯ ವಿಷಯದಲ್ಲಿ ಗಟ್ಟಿಯಾಗಿರಿ. ವಿಜ್ಞಾನದ ಚರ್ಚೆ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ನಡೆಯಬೇಕು. ಅವಳು ಮಾತಾಡುವ ಸರದಿ ಬಂದಾಗ ಹಿಂದಿನ ದಿನ ನಿಮ್ಮೆದುರು ಕುಳಿತು ತನ್ನ ಫಲಿತಾಂಶಗಳನ್ನು ಕನ್ನಡದಲ್ಲೇ ವಿವರಿಸಲಿ. ಪ್ರೋಟೀನ್ ಯಾಕೆ ಒಡೆಯಿತು, ಜೆಲ್‌ನಲ್ಲಿ ಆ ಎರಡನೇ ಪಟ್ಟಿ ಯಾಕೆ ಬಂತು ಎಂದು ಕನ್ನಡದಲ್ಲಿ ಬಿಡಿಸಿ ಹೇಳಿದವಳಿಗೆ ಮರುದಿನ ಇಂಗ್ಲಿಷ್‌ನಲ್ಲಿ ಹೇಳುವುದು ಹೊರೆಯಾಗುವುದಿಲ್ಲ. ಮೀಟಿಂಗ್‌ನಲ್ಲಿ ಅವಳ ವ್ಯಾಕರಣವನ್ನು ಯಾರೂ ತಿದ್ದಬಾರದು, ನೀವೂ ಸೇರಿ. ಗ್ರಾಫ್‌ಗಳನ್ನು ಎಲ್ಲರೂ ಮೊದಲೇ ಕಳಿಸಲಿ, ಪ್ರತಿಯೊಬ್ಬರೂ ಒಂದೊಂದು ಪ್ರಶ್ನೆ ಬರೆದು ತರಲಿ. ಅದನ್ನು ಓದುವ ಸರದಿ ಕಿರಿಯರಿಂದ ಶುರುವಾಗಲಿ, ಆಗ ಮಾತಾಡುವ ಬಾಯಿಗಳು ತಾವಾಗಿಯೇ ಬದಲಾಗುತ್ತವೆ.

ಈಗ ಪಕ್ಷಪಾತದ ಭಯ. ಆರೂ ಜನಕ್ಕೆ ಹದಿನೈದು ದಿನಕ್ಕೊಮ್ಮೆ ಒಂದೊಂದು ಗಂಟೆ, ದಿನ ಮತ್ತು ವೇಳೆ ನಿಗದಿ ಮಾಡಿ. ಗಂಟೆ ಎಲ್ಲರಿಗೂ ಒಂದೇ, ಒಳಗೆ ನಡೆಯುವ ಮಾತು ಬೇರೆ ಬೇರೆ. ಒಬ್ಬನಿಗೆ ಅಂಕಿಅಂಶ ಶಾಸ್ತ್ರ ಬೇಕು, ಒಬ್ಬಳಿಗೆ ಬರವಣಿಗೆ, ಆ ಸೀನಿಯರ್‌ಗೆ ಬಹುಶಃ ಥೀಸಿಸ್ ಮುಗಿಯದ ಆತಂಕ. ಇದನ್ನು ಪಕ್ಷಪಾತ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಸದ್ಯ ನಿಮ್ಮ ಕೋಣೆಯ ಬಾಗಿಲು ತಟ್ಟುವ ಧೈರ್ಯವಿದ್ದವರಿಗೆ ಮಾತ್ರ ನಿಮ್ಮ ಸಮಯ ಸಿಗುತ್ತಿದೆಯಲ್ಲ, ನನ್ನ ಮಟ್ಟಿಗೆ ಪಕ್ಷಪಾತ ಇರುವುದು ಅಲ್ಲಿ.

ಹಣದ ವಿಚಾರವನ್ನೂ ಕೇಳಿ, ಅವಳಾಗಿ ಹೇಳುವುದಿಲ್ಲ. ಕಿರಿಯ ಸಂಶೋಧಕರಿಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ ಎಂದು ಆದೇಶದಲ್ಲಿದ್ದರೂ ಅದು ತಿಂಗಳುಗಟ್ಟಲೆ ತಡವಾಗುವುದು ನಿಮಗೆ ಗೊತ್ತಿರುವ ಸಂಗತಿ. ಆ ನಡುವೆ ಪಿಜಿ ಬಾಡಿಗೆ ಕಟ್ಟಬೇಕು, ಊರಿಗೂ ಕಳಿಸಬೇಕು. ಕಾನ್ಫರೆನ್ಸ್‌ಗೆ ಮೊದಲು ಕೈಯಿಂದ ಹಾಕಿ, ಆಮೇಲೆ ಬಿಲ್ ಕೊಡಿ ಎಂದರೆ ಅವಳು ಆಸಕ್ತಿ ಇಲ್ಲ ಎಂದುಬಿಡುತ್ತಾಳೆ, ನೀವು ಅದನ್ನು ನಂಬುತ್ತೀರಿ. ಪ್ರಾಜೆಕ್ಟ್‌ನಿಂದ ಮುಂಗಡ ಕೊಡಿಸಿ.

ನೀವೊಬ್ಬರೇ ಅವಳಿಗೆ ಎಲ್ಲವೂ ಆಗಲು ಹೋಗಬೇಡಿ. ಅವಳ ಫೆಲೋಶಿಪ್ ಕಾಗದಕ್ಕೂ ರಜೆಗೂ ಥೀಸಿಸ್‌ಗೂ ನಿಮ್ಮದೇ ಸಹಿ. ನಿಮ್ಮ ಮೇಲೇ ಬೇಸರವಾದರೆ ಅವಳು ಯಾರಿಗೆ ಹೇಳಬೇಕು? ಸಂಶೋಧನಾ ಸಲಹಾ ಸಮಿತಿಯ ಸದಸ್ಯರಲ್ಲೊಬ್ಬರನ್ನು, ಇಲ್ಲವೇ ಬೇರೆ ವಿಭಾಗದ ಹಿರಿಯರನ್ನು ಅವಳೇ ಆರಿಸಿಕೊಳ್ಳಲಿ. ಅವರೊಂದಿಗೆ ಏನು ಮಾತಾಡಿದಳೆಂದು ವಿಚಾರಿಸಬೇಡಿ.

ಇಷ್ಟರ ನಡುವೆ ಅವಳೊಂದಿಗೆ ಈ ವಾರವೇ ಕುಳಿತು ಮಾತಾಡಿ. ಆ ದಿನದ ಮಾತು ನಿಮಗೆ ತಿಳಿದಿದೆ, ನೀವು ಅದನ್ನು ಸಹಿಸುವುದಿಲ್ಲ ಎಂದು ಹೇಳಿ. ಅವಳ ನೋಟ್‌ಬುಕ್ ಬಗ್ಗೆ ನನಗೆ ಬರೆದ ವಾಕ್ಯವನ್ನು ಅವಳಿಗೇ ಹೇಳಿ, ಬಹುಶಃ ಇದುವರೆಗೆ ಹೇಳಿಲ್ಲ. ಲ್ಯಾಬ್‌ನಲ್ಲಿ ಏನು ಬದಲಿಸುತ್ತಿದ್ದೀರಿ ಎಂದು ತಿಳಿಸಿ, ಯೋಚಿಸಲು ಎರಡು ತಿಂಗಳು ಕೇಳಿಕೊಳ್ಳಿ. ಆಮೇಲೂ ಹೋಗುತ್ತೇನೆ ಎಂದರೆ ತಡೆಯಬೇಡಿ. ಗೈಡ್ ಬದಲಾವಣೆಯ ಅರ್ಜಿಗೆ ಅದೇ ದಿನ ಸಹಿ ಹಾಕಿ, ಅವಳು ಮಾಡಿದ ಕೆಲಸದ ಪೇಪರ್‌ನಲ್ಲಿ ಅವಳ ಹೆಸರು ಎಲ್ಲಿರುತ್ತದೆ ಎಂಬುದನ್ನು ಬರಹದಲ್ಲಿ ಕೊಡಿ, ಹೊಸ ಗೈಡ್‌ಗೆ ಫೋನ್ ಮಾಡಿ ಅವಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ. ಅವಳು ಹೋದರೂ ಉಳಿದರೂ ಪಾಳಿ ಪಟ್ಟಿಯನ್ನು ಗೋಡೆಯಿಂದ ತೆಗೆಯಬೇಡಿ, ಮುಂದಿನ ವರ್ಷ ಇನ್ನೊಬ್ಬಳು ಬರುತ್ತಾಳೆ.