ಸೆನ್ಸರ್ ಶೇ. 38 ಎನ್ನುತ್ತಿದೆ, ಅಡಿಕೆ ತೋಟಕ್ಕೆ ನೀರು ಯಾವಾಗ ಬಿಡಬೇಕು?

ತೀರ್ಥಹಳ್ಳಿ ಕಡೆಯ ನಿಮ್ಮ ತೋಟದಲ್ಲಿ ಹನಿ ನೀರಾವರಿಯ ಜೊತೆಗೆ ಎರಡು ತೇವಾಂಶ ಸೆನ್ಸರ್ ಹಾಕಿಸಿರುವುದಾಗಿಯೂ, ಮೊಬೈಲಿನಲ್ಲಿ ಶೇ. 38 ಎಂದು ಬರುತ್ತಿರುವುದಾಗಿಯೂ ಬರೆದು, ಅದು ಎಷ್ಟಕ್ಕೆ ಇಳಿದಾಗ ಮೋಟರ್ ಹಾಕಬೇಕೆಂದು ಕೇಳಿದ್ದೀರಿ. ಸಾಗರ ತಾಲ್ಲೂಕಿನ ನಮ್ಮ ತೋಟದಲ್ಲಿ ಮೂರು ಬೇಸಿಗೆ ಇಂಥದೇ ಸೆನ್ಸರ್ ನೋಡಿಕೊಂಡು ನೀರು ಬಿಟ್ಟಿದ್ದೇನೆ. ಬೇರೆ ತೋಟದ ಅಂಕಿ ನಿಮಗೆ ಬಳಕೆಗೆ ಬಾರದು, ನನ್ನದೂ ಬಾರದು.

ಈ ಸೆನ್ಸರ್ ನೀರನ್ನು ನೇರವಾಗಿ ಅಳೆಯುವುದಿಲ್ಲ, ಸುತ್ತಲಿನ ಮಣ್ಣಿನ ವಿದ್ಯುತ್ ಗುಣವನ್ನು ಅಳೆದು ಅದರಿಂದ ತೇವಾಂಶವನ್ನು ಅಂದಾಜು ಮಾಡುತ್ತದೆ. ಆ ಗುಣದ ಅಳತೆ ನೀರಿಗೆ ಸುಮಾರು 80, ಒಣಮಣ್ಣಿಗೆ 3ರಿಂದ 5, ಗಾಳಿಗೆ 1. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಹರಳುಕಲ್ಲು ಹೆಚ್ಚಾದ್ದರಿಂದ ಸೆನ್ಸರ್ ಪಕ್ಕದಲ್ಲಿ ಸಣ್ಣ ಸಂದು ಉಳಿದರೂ ಅಲ್ಲಿನ ಗಾಳಿ ಅಂಕಿಯನ್ನು ಕೆಳಗೆಳೆಯುತ್ತದೆ. ಗುಂಡಿಯಿಂದ ತೆಗೆದ ಮಣ್ಣಿನ ಕಲ್ಲು ಆರಿಸಿ, ನೀರು ಬೆರೆಸಿ, ಸೆನ್ಸರ್ ಸುತ್ತ ಒತ್ತಿ ತುಂಬಬೇಕು.

ಅನಂತರ ನಿಮ್ಮ ಮಣ್ಣಿನ ಎರಡು ಗೆರೆಗಳನ್ನು ನೀವೇ ಕಂಡುಕೊಳ್ಳಬೇಕು. ಒಮ್ಮೆ ಚೆನ್ನಾಗಿ ನೆನೆಯುವಂತೆ ನೀರು ಬಿಟ್ಟು ನಿಲ್ಲಿಸಿದರೆ ಅಂಕಿ ಮೊದಲು ಬೇಗ ಇಳಿದು, ಒಂದೆರಡು ದಿನಗಳಲ್ಲಿ ನಿಧಾನವಾಗುತ್ತದೆ; ಬಸಿಯಬೇಕಾದ ನೀರೆಲ್ಲ ಬಸಿದು, ಮಣ್ಣು ಹಿಡಿದಿಟ್ಟುಕೊಳ್ಳಬಲ್ಲಷ್ಟು ಮಾತ್ರ ಉಳಿದ ಆ ಹಂತವೇ ಮೇಲಿನ ಗೆರೆ. ಅಲ್ಲಿಂದ ಮುಂದೆ ಮೊಬೈಲಿನ ನಕ್ಷೆಯಲ್ಲಿ ಮೆಟ್ಟಿಲುಗಳು ಕಾಣಿಸುತ್ತವೆ: ಹಗಲು ಬೇರು ನೀರೆಳೆಯುವುದರಿಂದ ಇಳಿತ, ರಾತ್ರಿ ಹೆಚ್ಚುಕಡಿಮೆ ಸಮತಲ. ಬಿಸಿಲು ಅಷ್ಟೇ ಇದ್ದರೂ ಹಗಲಿನ ಮೆಟ್ಟಿಲು ಚಿಕ್ಕದಾಗತೊಡಗಿತೆಂದರೆ ಮರಕ್ಕೆ ನೀರು ಸಲೀಸಾಗಿ ಸಿಗುತ್ತಿಲ್ಲ ಎಂದರ್ಥ. ಅದು ಕೆಳಗಿನ ಗೆರೆ. ನನ್ನ ತೋಟದಲ್ಲಿ ಮೇಲಿನ ಗೆರೆ 34, ಮೆಟ್ಟಿಲು ಕುಗ್ಗುವುದು 25ರ ಹತ್ತಿರ. ಆದ್ದರಿಂದ 28ಕ್ಕೆ ಬಂದಾಗ ಮೋಟರ್ ಹಾಕುತ್ತೇನೆ. ಆ 25ರವರೆಗೆ ಕಾಯುವ ಧೈರ್ಯ, ಅದೂ ವಿದ್ಯುತ್ತಿನ ಈ ಕಣ್ಣಾಮುಚ್ಚಾಲೆಯಲ್ಲಿ, ನನಗಿಲ್ಲ.

ಮೊದಲ ವರ್ಷ ನಾನು ಸೆನ್ಸರನ್ನು ಡ್ರಿಪ್ಪರಿನ ಕೆಳಗೇ ಹೂತಿದ್ದೆ. ಅದು ಸದಾ ಒದ್ದೆಯೆಂದು ತೋರಿಸುತ್ತಿತ್ತು, ನಾನು ನಂಬಿ ಸುಮ್ಮನಿದ್ದೆ, ಮಾರ್ಚಿನಲ್ಲಿ ಹರಳು (ಎಳೆಯ ಅಡಿಕೆಕಾಯಿ) ಉದುರಿದ ಮೇಲೆ ತಪ್ಪು ತಿಳಿಯಿತು. ಡ್ರಿಪ್ಪರಿನಿಂದ ಒಂದು ಗೇಣು ಆಚೆ, ಮರದ ಬುಡದಿಂದ ಎರಡು ಅಡಿಯೊಳಗೆ, ಸುಮಾರು ಒಂದು ಅಡಿ ಆಳದಲ್ಲಿ ಒಂದನ್ನು ಇಡಿ. ಎರಡನೆಯದನ್ನು ಅದೇ ಮರದ ಬುಡದಲ್ಲಿ ಎರಡೂವರೆ ಅಡಿ ಆಳಕ್ಕೆ ಇಳಿಸಿ. ತೋಟದ ತುಂಬ ಹರಡುವುದಕ್ಕಿಂತ ಒಂದೇ ಮರದ ಬುಡದಲ್ಲಿ ಎರಡು ಆಳ ನೋಡುವುದು ಹೆಚ್ಚು ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ. ಕಣಿವೆಯ ತಗ್ಗಿನ ಮರ ಬಿಟ್ಟು, ಇಳಿಜಾರಿನ ಮಧ್ಯದ ಆರೋಗ್ಯವಂತ ಮರವನ್ನು ಆರಿಸಿಕೊಳ್ಳಿ.

ಎಷ್ಟು ಬಿಡಬೇಕೆಂಬುದನ್ನು ಆಳದ ಸೆನ್ಸರ್ ಹೇಳುತ್ತದೆ. ಹನಿ ನೀರಾವರಿಯಲ್ಲಿ ಬೇಸಿಗೆಗೆ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಎಂಬುದು ರೂಢಿಯ ಶಿಫಾರಸು. ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರಿದ್ದರೆ ಎರಡು ಗಂಟೆಗೆ 16 ಲೀಟರ್ ಆಗುತ್ತದೆ. ಅಲ್ಲಿಂದ ಆರಂಭಿಸಿ. ನೀರು ಬಿಟ್ಟ ಪ್ರತಿ ಸಲವೂ ಆಳದ ಅಂಕಿ ಏರುತ್ತಿದ್ದರೆ ನೀರಿನ ಜೊತೆ ಗೊಬ್ಬರವೂ ಬೇರಿಗೆ ಸಿಗದೆ ಕೆಳಗಿಳಿಯುತ್ತಿದೆ, ಸಮಯ ಕಡಿಮೆ ಮಾಡಿ. ವಾರಗಟ್ಟಲೆ ಇಳಿಯುತ್ತಲೇ ಹೋದರೆ ಹೆಚ್ಚಿಸಿ. ಬುಡಕ್ಕೆ ಸೋಗೆ, ದರಗು ಹೊದಿಸಿದ್ದರೆ ಮೆಟ್ಟಿಲುಗಳು ಚಿಕ್ಕದಾಗಿಯೇ ಇರುತ್ತವೆ, ಗಾಬರಿಯಾಗಬೇಡಿ.

ಮಳೆಗಾಲದಲ್ಲಿ ಮೇಲಿನದನ್ನು ತೆಗೆದರೂ ಆಳದ್ದನ್ನು ಕೀಳಬೇಡಿ. ಮಳೆ ಬಿಟ್ಟು ಮೂರು ದಿನವಾದರೂ ಅದರ ಅಂಕಿ ಇಳಿಯದಿದ್ದರೆ ಬಸಿಗಾಲುವೆಯಲ್ಲಿ ಹೂಳು ತುಂಬಿದೆಯೇ ಎಂದು ಹೋಗಿ ನೋಡಿ.