ಒರಾಕಲ್‌ನ ಜಾವಾ ಅಪ್ಲಿಕೇಷನ್ ಸರ್ವರ್ ವೆಬ್‌ಲಾಜಿಕ್ ಬಿಡಬೇಕು. ಅದರ ಬದಲಿಗೆ ವೈಲ್ಡ್‌ಫ್ಲೈ, ಪಯಾರಾ, ಟಾಮ್‌ಕ್ಯಾಟ್‌ಗಳಲ್ಲಿ ಯಾವುದು ಒಳ್ಳೆಯದು?

ಕೋಲಾರದ ಟೊಮೆಟೊ ಮಂಡಿಯೊಂದರ ಬಿಲ್ಲಿಂಗನ್ನು ವೆಬ್‌ಲಾಜಿಕ್‌ನಿಂದ ಟಾಮ್‌ಕ್ಯಾಟ್ 9ಕ್ಕೆ ತಂದಾಗ ನಾವೂ ಇದೇ ಪ್ರಶ್ನೆಯಲ್ಲಿ ವಾರಗಟ್ಟಲೆ ಕಳೆದೆವು. ಸರ್ವರ್ ಸರಿಯಾದದ್ದನ್ನೇ ಆರಿಸಿದ್ದೆವು. ಕೈಕೊಟ್ಟದ್ದು ಡೇಟಾಬೇಸ್ ಪೂಲ್, ಅಂದರೆ ಮೊದಲೇ ತೆರೆದಿಟ್ಟು ಹಂಚಿಕೊಳ್ಳುವ ಡೇಟಾಬೇಸ್ ಕನೆಕ್ಷನ್‌ಗಳ ಗುಂಪು.

ಪೂಲಿನ ಸೆಟ್ಟಿಂಗ್ ಬರೆಯುವ, ಟಾಮ್‌ಕ್ಯಾಟ್ 7ರ ಕಾಲದ ಕಾಂಟೆಕ್ಸ್ಟ್ ಫೈಲೊಂದನ್ನು ನಾನು ಹಾಗೇ ನಕಲು ಮಾಡಿದ್ದೆ: ಮ್ಯಾಕ್ಸ್‌ಆಕ್ಟಿವ್ (ಒಮ್ಮೆಗೆ ಗರಿಷ್ಠ ಕನೆಕ್ಷನ್) 50, ಮ್ಯಾಕ್ಸ್‌ವೇಟ್ (ಕಾಯುವ ಮಿಲಿಸೆಕೆಂಡ್) 10000. ಟಾಮ್‌ಕ್ಯಾಟ್ 8ರಿಂದೀಚೆಗೆ ಒಳಗಿರುವ ಪೂಲ್ ಡಿಬಿಸಿಪಿ 2. ಅದರಲ್ಲಿ ಈ ಹೆಸರುಗಳಿಲ್ಲ. ಮ್ಯಾಕ್ಸ್‌ಟೋಟಲ್, ಮ್ಯಾಕ್ಸ್‌ವೇಟ್‌ಮಿಲಿಸ್ ಎಂದು ಬರೆಯಬೇಕು. ಹಳೆಯ ಹೆಸರು ಕಂಡರೆ ಸರ್ವರ್ ನಿಲ್ಲುವುದಿಲ್ಲ. ಲಾಗ್‌ನಲ್ಲಿ ಒಂದು ವಾರ್ನಿಂಗ್ ಬರೆದು, ನೀವು ಕೊಟ್ಟ 50 ಬಿಟ್ಟು ಡೀಫಾಲ್ಟ್ 8 ಹಿಡಿಯುತ್ತದೆ. ಕಾಯುವ ಅವಧಿಯ ಡೀಫಾಲ್ಟ್ -1, ಅಂದರೆ ಕೊನೆಯೇ ಇಲ್ಲದ ಕಾಯುವಿಕೆ. ಮೂವರು ಕೂತು ಪರೀಕ್ಷಿಸಿದಾಗ ಚೆನ್ನಾಗಿಯೇ ಓಡಿತು. ಬೆಳಗಿನ ಹರಾಜಿನ ಹೊತ್ತಿಗೆ ಎಲ್ಲ ಕೌಂಟರ್‌ಗಳೂ ನಿಂತವು. ಎರರ್ ಇಲ್ಲ, ಟೈಮ್‌ಔಟ್ ಇಲ್ಲ, ತಿರುಗುವ ಚಕ್ರ ಮಾತ್ರ.

ಬರೀ 8 ಆಗಿದ್ದರೆ ನಿಧಾನವಾಗುತ್ತಿತ್ತೇ ಹೊರತು ಪೂರ್ತಿ ನಿಲ್ಲುತ್ತಿರಲಿಲ್ಲ. ಒಂದು ವರದಿಯ ಪುಟ ಕನೆಕ್ಷನ್ ತೆಗೆದುಕೊಂಡು ಮುಚ್ಚುತ್ತಲೇ ಇರಲಿಲ್ಲ. ವೆಬ್‌ಲಾಜಿಕ್‌ನಲ್ಲಿ ಇನ್‌ಆಕ್ಟಿವ್ ಕನೆಕ್ಷನ್ ಟೈಮ್‌ಔಟ್ ಹಾಕಿದ್ದರಿಂದ ಆ ಸೋರಿಕೆ ಯಾರಿಗೂ ಕಂಡಿರಲಿಲ್ಲ. ಥ್ರೆಡ್‌ಗಳು ಎಲ್ಲಿ ನಿಂತಿವೆಯೆಂದು ತೋರಿಸುವ ಜೆಸ್ಟ್ಯಾಕ್ ತೆಗೆದು ನೋಡಿದರೆ ಅವೆಲ್ಲ ಪೂಲಿನಿಂದ ಕನೆಕ್ಷನ್ ಕೇಳುವ ‘ಬಾರೋಆಬ್ಜೆಕ್ಟ್’ನಲ್ಲಿ ಕಾಯುತ್ತಾ ನಿಂತಿದ್ದವು. ಮುಚ್ಚದೆ ಬಿಟ್ಟ ಕನೆಕ್ಷನ್ ಹಿಂಪಡೆಯುವ ಸೆಟ್ಟಿಂಗ್‌ಗಳಾದ ರಿಮೂವ್‌ಅಬ್ಯಾಂಡನ್ಡ್‌ಆನ್‌ಬಾರೋ ಟ್ರೂ, ರಿಮೂವ್‌ಅಬ್ಯಾಂಡನ್ಡ್‌ಟೈಮ್‌ಔಟ್ 60, ಲಾಗ್‌ಅಬ್ಯಾಂಡನ್ಡ್ ಟ್ರೂ ಹಾಕಿದ ಮೇಲೆ ಸೋರುವ ಕೋಡಿನ ಸಾಲು ಲಾಗ್‌ನಲ್ಲೇ ಸಿಕ್ಕಿತು. (ಇಲ್ಲೂ ಬರೀ ‘ರಿಮೂವ್‌ಅಬ್ಯಾಂಡನ್ಡ್’ ಎಂಬ ಹಳೆಯ ಹೆಸರು ನಡೆಯುವುದಿಲ್ಲ.)

ಹಾಗಾಗಿ ‘ಯಾವುದು ಒಳ್ಳೆಯದು’ ಎಂಬ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ನಿಮ್ಮ ಸೋರ್ಸ್ ಕೋಡಿನಲ್ಲಿ ಜಾವಾಎಕ್ಸ್ ಡಾಟ್ ಇಜೆಬಿ (ಸರ್ವರ್ ನಡೆಸುವ ಬಿಸಿನೆಸ್ ಕಾಂಪೊನೆಂಟ್‌ಗಳು), ಜಾವಾಎಕ್ಸ್ ಡಾಟ್ ಜೆಎಂಎಸ್ (ಸಂದೇಶ ಕ್ಯೂಗಳು) ಎಂಬ ಪ್ಯಾಕೇಜುಗಳನ್ನು ಹುಡುಕಿ. ಎರಡೂ ಇಲ್ಲದಿದ್ದರೆ ಬಹುಮಟ್ಟಿಗೆ ಟಾಮ್‌ಕ್ಯಾಟ್ ಸಾಕು. ವೆಬ್‌ಲಾಜಿಕ್ ತಾನೇ ಒದಗಿಸುತ್ತಿದ್ದ ಜೆಎಸ್‌ಎಫ್ (ಪುಟ ಕಟ್ಟುವ), ಜೆಪಿಎ (ಡೇಟಾಬೇಸ್ ಜೊತೆ ವ್ಯವಹರಿಸುವ) ಮುಂತಾದ ಲೈಬ್ರರಿಗಳ ಜಾರ್‌ಗಳನ್ನು ವಾರ್ ಎಂಬ ಅಪ್ಲಿಕೇಷನ್ ಫೈಲಿನೊಳಗೆ ನೀವೇ ಸೇರಿಸಬೇಕಾಗುತ್ತದೆ. ಇಜೆಬಿ, ಜೆಎಂಎಸ್‌ಗಳಲ್ಲಿ ಒಂದಾದರೂ ಇದ್ದರೆ ವೈಲ್ಡ್‌ಫ್ಲೈ. ಪಯಾರಾ ಗ್ಲಾಸ್‌ಫಿಶ್ ಎಂಬ ಸರ್ವರ್‌ನಿಂದಲೇ ಹುಟ್ಟಿದ್ದು, ಅದನ್ನು ಬಿಟ್ಟು ಬರುವವರಿಗೆ ಹತ್ತಿರ, ನಿಮಗಲ್ಲ.

ಹೊಸ ಆವೃತ್ತಿಯೇ ಬೇಕೆಂದು ಹಟ ಹಿಡಿಯಬೇಡಿ. ಜಾವಾಎಕ್ಸ್ ಕೋಡನ್ನು ಮುಟ್ಟದೆ ಓಡಿಸಲು ಟಾಮ್‌ಕ್ಯಾಟ್ 9, ಇಲ್ಲವೇ ವೈಲ್ಡ್‌ಫ್ಲೈ 26. ಟಾಮ್‌ಕ್ಯಾಟ್ 10 ಮತ್ತು ವೈಲ್ಡ್‌ಫ್ಲೈ 27ರಿಂದ ಈ ಪ್ಯಾಕೇಜುಗಳ ಹೆಸರಿನ ಮೊದಲ ಭಾಗ ಜಾವಾಎಕ್ಸ್ ಹೋಗಿ ಜಕಾರ್ತಾ ಆಗಿದೆ. ಅನೊಟೇಷನ್ (ಕೋಡಿನಲ್ಲೇ ಹಾಕುವ ಗುರುತು) ಹಾಕಿದ ಹಳೆಯ ಸರ್ವ್‌ಲೆಟ್, ಅಂದರೆ ಬ್ರೌಸರ್‌ನ ಕೋರಿಕೆಗೆ ಉತ್ತರಿಸುವ ಕ್ಲಾಸ್, ಟಾಮ್‌ಕ್ಯಾಟ್ 10ರ ಕಣ್ಣಿಗೇ ಬೀಳುವುದಿಲ್ಲ: ಲಾಗ್ ಶುಚಿ, ಬ್ರೌಸರ್‌ನಲ್ಲಿ 404. ಅದಕ್ಕೆಂದು ಜಾವಾಎಕ್ಸ್ ಇದ್ದಲ್ಲೆಲ್ಲ ಜಕಾರ್ತಾ ತುಂಬಿದರೂ ಕೆಟ್ಟಿತು. ಜಾವಾಎಕ್ಸ್ ಡಾಟ್ ಎಸ್‌ಕ್ಯೂಎಲ್, ಜಾವಾಎಕ್ಸ್ ಡಾಟ್ ನೇಮಿಂಗ್ ಜಾವಾದ ಮೂಲ ಕಿಟ್ ಆದ ಜೆಡಿಕೆಯವು, ಅವು ಬದಲಾಗಿಲ್ಲ. ಟಾಮ್‌ಕ್ಯಾಟ್‌ನವರದೇ ಮೈಗ್ರೇಷನ್ ಟೂಲ್ ಈ ವ್ಯತ್ಯಾಸ ತಿಳಿದು ವಾರನ್ನು ಬದಲಿಸಿಕೊಡುತ್ತದೆ.

ಕೋಡಿನಲ್ಲಿ ‘ವೆಬ್‌ಲಾಜಿಕ್ ಡಾಟ್’ ಎಂದು ಶುರುವಾಗುವ ಇಂಪೋರ್ಟ್‌ಗಳಿದ್ದರೆ ಅವನ್ನು ಈಗಿನ ಸರ್ವರ್‌ನಲ್ಲಿ ಇರುವಾಗಲೇ ಕಿತ್ತುಹಾಕಿ ಓಡಿಸಿ ನೋಡಿ. ಈ ಕೆಲಸವನ್ನೂ ಸರ್ವರ್ ಬದಲಾವಣೆಯನ್ನೂ ಒಟ್ಟಿಗೆ ಹಚ್ಚಿಕೊಂಡರೆ ಯಾವುದರಿಂದ ಕೆಟ್ಟಿತೆಂದು ತಿಳಿಯುವುದಿಲ್ಲ.